ಎಲ್ಲರ ಮಾತೂ ಕೇಳಿಸುತ್ತದೆ, ನನ್ನ ಮಾತು ಮಾತ್ರ ಯಾರಿಗೂ ಮುಟ್ಟುತ್ತಿಲ್ಲ: ಮೊದಲ ಹ್ಯಾಂಡಿಯ ಟ್ರಾನ್ಸ್‌ಮಿಟ್ ತೊಂದರೆ

ಹೊಸಕಿವಿ

ಎಲ್ಲರಿಗೂ ನಮಸ್ಕಾರ. ಹ್ಯಾಮ್ ರೇಡಿಯೊ ಪರೀಕ್ಷೆ ಪಾಸಾಗಿ, ರೇಡಿಯೊದಲ್ಲಿ ನನ್ನ ಗುರುತಾದ ಕಾಲ್‌ಸೈನ್ ಕೈಗೆ ಬಂದು ಎರಡು ವಾರ ಆಯಿತು. ಎರಡು ಬ್ಯಾಂಡಿನ, 5 ವ್ಯಾಟ್‌ನ ಒಂದು ಚಿಕ್ಕ ಹ್ಯಾಂಡಿ (ಕೈಯಲ್ಲಿ ಹಿಡಿಯುವ ರೇಡಿಯೊ ಸೆಟ್) ತೆಗೆದುಕೊಂಡಿದ್ದೇನೆ. ಒಂಬತ್ತು ದಿನದಿಂದ 145.700 ಮೆಗಾಹರ್ಟ್ಸ್ ರಿಪೀಟರ್ (ನಮ್ಮ ಮಾತು ಹಿಡಿದು ದೂರಕ್ಕೆ ಮತ್ತೆ ಬಿತ್ತರಿಸುವ ಸ್ಟೇಷನ್) ಕೇಳುತ್ತಾ ಕೂತಿದ್ದೇನೆ. ಎಲ್ಲರೂ ಪಕ್ಕದ ಕೋಣೆಯಲ್ಲಿ ಕೂತು ಮಾತಾಡಿದ ಹಾಗೆ ಕೇಳಿಸುತ್ತದೆ.

ನಾನು ಪಿಟಿಟಿ (ಮಾತಾಡಲು ಒತ್ತುವ ಗುಂಡಿ) ಒತ್ತಿದರೆ ಕೆಂಪು ದೀಪ ಹೊತ್ತುತ್ತದೆ. ಪರದೆಯ ಮೇಲೆ ಸಿಗ್ನಲ್ ಕಡ್ಡಿ ಪೂರ್ತಿ ತುಂಬುತ್ತದೆ. ಕಾಲ್‌ಸೈನ್ ಹೇಳಿ ಬಿಟ್ಟರೆ ಯಾರೂ ಓಗೊಡುವುದಿಲ್ಲ. ಮೊನ್ನೆ ರಾತ್ರಿ, ಎಲ್ಲರೂ ಒಬ್ಬೊಬ್ಬರಾಗಿ ಬಂದು ಮಾತಾಡುವ ನೆಟ್‌ನಲ್ಲಿ "ಹೊಸಬರು ಯಾರಾದರೂ ಇದ್ದೀರಾ" ಅಂತ ಕೇಳಿದರು. ಮೂರು ಸಲ ಕೂಗಿದೆ. "ಯಾರೂ ಇಲ್ಲ, ಮುಂದಿನ ಸ್ಟೇಷನ್ ಬನ್ನಿ" ಅಂದುಬಿಟ್ಟರು. ನಿಜ ಹೇಳಬೇಕೆಂದರೆ ಆ ರಾತ್ರಿ ಬಹಳ ಬೇಜಾರಾಯಿತು.

ಸೆಟ್ ಕೆಟ್ಟಿದೆಯಾ? ವಾಪಸ್ ಕೊಡಲಾ?

ಬೆಸುಗೆಕಡ್ಡಿ

ವಾಪಸ್ ಕೊಡಬೇಡಿ, ಸ್ವಲ್ಪ ತಾಳಿ. ಸ್ವಾಗತ ಮೊದಲು.

ಕೆಂಪು ದೀಪ ಹೊತ್ತಿದರೆ ಸೆಟ್ ಟ್ರಾನ್ಸ್‌ಮಿಟ್‌ಗೆ ಹೊರಳಿದೆ ಅಂತ ಅರ್ಥ, ಅಷ್ಟೇ. ಅಲೆ ಆಂಟೆನಾದಿಂದ ಹೊರಗೆ ಹೋಯಿತು ಅಂತ ಅದು ಹೇಳುವುದಿಲ್ಲ. ಆ ಕಡ್ಡಿಯನ್ನೂ ನಂಬಬೇಡಿ. ಕಡಿಮೆ ಬೆಲೆಯ ಬಹಳಷ್ಟು ಸೆಟ್‌ಗಳಲ್ಲಿ ಅದು ಅಳೆದು ತೋರಿಸುವುದಲ್ಲ. ನೀವು ಹೈ ಪವರ್ ಇಟ್ಟಿದ್ದರೆ ಪೂರ್ತಿ ಬಿಡಿಸುತ್ತದೆ, ಲೋ ಇಟ್ಟಿದ್ದರೆ ಅರ್ಧ. ಆಂಟೆನಾ ಬಿಚ್ಚಿಟ್ಟರೂ ಅದೇ ಚಿತ್ರ. ಹಾಗಂತ ಬಿಚ್ಚಿ ನೋಡಬೇಡಿ. ಆಂಟೆನಾ ಇಲ್ಲದೆ ಪಿಟಿಟಿ ಒತ್ತಿದರೆ ಕೊನೆಯ ಹಂತದ ಟ್ರಾನ್ಸಿಸ್ಟರ್ ಸುಟ್ಟುಹೋಗಬಹುದು.

ಎರಡು ಪ್ರಶ್ನೆ. ಪಿಟಿಟಿ ಒತ್ತಿದಾಗ ಪರದೆಯ ಮೇಲಿನ ಫ್ರೀಕ್ವೆನ್ಸಿ ಬದಲಾಗುತ್ತದಾ? ಬಿಟ್ಟ ತಕ್ಷಣ ಏನಾದರೂ ಕೇಳಿಸುತ್ತದಾ, ಒಂದು "ಕ್ಷ್" ಅಥವಾ ಬೀಪ್?

ಹೊಸಕಿವಿ

ಬದಲಾಗುವುದಿಲ್ಲ, ಒತ್ತಿದರೂ ಬಿಟ್ಟರೂ 145.700 ಅಂತಲೇ ಇರುತ್ತದೆ. ಬಿಟ್ಟ ಮೇಲೆ ಏನೂ ಇಲ್ಲ, ಸುಮ್ನೆ ನಿಶ್ಶಬ್ದ.

ಬೆಸುಗೆಕಡ್ಡಿ

ಹಾಗಾದರೆ ಮೊದಲ ಗಂಟು ಸಿಕ್ಕಿತು. ಇದು ನೂರಕ್ಕೆ ತೊಂಬತ್ತು ಹೊಸಬರಿಗೆ ಆಗುತ್ತದೆ ಅಂತ ನನ್ನ ಅಂದಾಜು. ಸ್ವಲ್ಪ ಉದ್ದವಾಗಿ ಬರೆಯುತ್ತೇನೆ, ಯಾಕೆಂದರೆ ಇದೊಂದು ಅರ್ಥವಾದರೆ ಉಳಿದದ್ದು ತಾನಾಗಿ ಬರುತ್ತದೆ.

ರಿಪೀಟರ್‌ಗೆ ಒಂದು ಬಾಯಿ, ಒಂದು ಕಿವಿ. ಎರಡೂ ಬೇರೆ ಬೇರೆ ಫ್ರೀಕ್ವೆನ್ಸಿಯಲ್ಲಿ ಇರುತ್ತವೆ. ಒಂದೇ ಕಡೆ ಇದ್ದರೆ ತನ್ನ ದನಿಯೇ ತನ್ನ ಕಿವಿಗೆ ಬಡಿದು ಏನೂ ಕೇಳಿಸುವುದಿಲ್ಲ. ನೀವು ಕೇಳುತ್ತಿರುವ 145.700 ಅದರ ಬಾಯಿ. ಕಿವಿ ಇರುವುದು ಸ್ವಲ್ಪ ದೂರದಲ್ಲಿ. 2 ಮೀಟರ್ ಬ್ಯಾಂಡಿನಲ್ಲಿ ಸಾಮಾನ್ಯವಾಗಿ ಈ ಅಂತರ 600 ಕಿಲೋಹರ್ಟ್ಸ್. ನಿಮ್ಮ ರಿಪೀಟರ್ ಮೈನಸ್ ಆಗಿದ್ದರೆ ಕಿವಿ 145.100ರಲ್ಲಿ ಇರುತ್ತದೆ. ಒಂಬತ್ತು ದಿನ ನೀವು ಅದರ ಬಾಯಿಗೆ ಮಾತಾಡಿದ್ದೀರಿ. ನೆಟ್‌ನಲ್ಲಿ ಕೂಗಿದ್ದು ರಿಪೀಟರ್‌ನ ಕಿವಿಗೆ ಬೀಳಲೇ ಇಲ್ಲ. ಅವರಲ್ಲಿ ಯಾರೂ ನಿಮ್ಮನ್ನು ಕಡೆಗಣಿಸಲಿಲ್ಲ, ಇದನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಿ.

ಸೆಟ್‌ನಲ್ಲಿ ಎರಡು ಕಡೆ ಮುಟ್ಟಬೇಕು. ಒಂದು ದಿಕ್ಕು: ಪ್ಲಸ್ಸಾ, ಮೈನಸ್ಸಾ. ಇನ್ನೊಂದು ಅಂತರ: ಎಷ್ಟು. ಯುವಿ-5ಆರ್ ಮಾದರಿಯಲ್ಲಿ ದಿಕ್ಕು ಮೆನು 25, ಎಸ್‌ಎಫ್‌ಟಿ-ಡಿ. ಅಂತರ ಮೆನು 26, ಆಫ್‌ಸೆಟ್. ಬೇರೆ ಸೆಟ್‌ಗಳಲ್ಲಿ ನಂಬರ್ ಬೇರೆ ಇರುತ್ತದೆ, ಹೆಸರು ಹೆಚ್ಚುಕಡಿಮೆ ಇದೇ. ಆಫ್‌ಸೆಟ್ ತುಂಬುವಾಗ ಸೊನ್ನೆಗಳ ಮೇಲೆ ಕಣ್ಣಿಡಿ. ಬೇಕಾದದ್ದು 0.600 ಮೆಗಾಹರ್ಟ್ಸ್. ಒಂದು ಸೊನ್ನೆ ಆಚೀಚೆ ಆದರೆ 6 ಮೆಗಾಹರ್ಟ್ಸ್ ಆಗಿ ಬ್ಯಾಂಡ್ ಬಿಟ್ಟು ಹೊರಗೆ ಹೋಗುತ್ತೀರಿ, ಅಲ್ಲಿ ನಮಗೆ ಹಕ್ಕಿಲ್ಲ. ದಿಕ್ಕು, ಅಂತರ, ಟೋನ್ (ರಿಪೀಟರ್ ತೆರೆಯಲು ಮಾತಿನ ಜೊತೆ ಕಳಿಸುವ ಸಣ್ಣ ಸದ್ದು) ಮೂರನ್ನೂ ಆ ರಿಪೀಟರ್ ನಡೆಸುವವರ ಪಟ್ಟಿಯಲ್ಲಿ ನೋಡಿಕೊಳ್ಳಿ, ಊಹೆ ಬೇಡ.

ಸರಿಯಾಗಿ ಹಾಕಿದರೆ ಪಿಟಿಟಿ ಒತ್ತಿದ ಕ್ಷಣ ಪರದೆಯಲ್ಲಿ 145.100 ಕಾಣುತ್ತದೆ. ಬಿಟ್ಟರೆ ಮತ್ತೆ 145.700. ಅಷ್ಟಾದ ಮೇಲೆ ಬರೆಯಿರಿ. ಇನ್ನೇನನ್ನೂ ಮುಟ್ಟಬೇಡಿ. ಒಂದು ಸಲಕ್ಕೆ ಒಂದೇ ಬದಲಾವಣೆ.

ಇಳಿಸಂಜೆ

ಇಲ್ಲೇ ಒಂದು ಮಾತು. ನನಗೆ ಮೂರು ದಿನ ಕಾಡಿದ್ದು ಡ್ಯುಯಲ್ ವಾಚ್. ಮೇಲಿನ ಸಾಲಿನಲ್ಲಿ ರಿಪೀಟರ್, ಕೆಳಗಿನ ಸಾಲಿನಲ್ಲಿ ಇನ್ನೇನೋ ಚಾನೆಲ್. ಕೆಳಗಿನ ಸಾಲಿನಲ್ಲಿ ಯಾರೋ ಮಾತಾಡಿದರೆ ಸೆಟ್ ಆ ಕಡೆ ವಾಲುತ್ತಿತ್ತು. ನಾನು ಆಗ ಪಿಟಿಟಿ ಒತ್ತಿದರೆ ಮಾತು ಕೆಳಗಿನ ಚಾನೆಲ್‌ಗೆ ಹೋಗುತ್ತಿತ್ತು. ಎಲ್ಲ ಸರಿ ಹಾಕಿದ್ದೂ ಒಮ್ಮೊಮ್ಮೆ ಹೋಗುತ್ತದೆ, ಒಮ್ಮೊಮ್ಮೆ ಇಲ್ಲ. ಕಲಿಯುವ ತನಕ ಅದನ್ನು ಆಫ್ ಮಾಡಿಬಿಡಿ.

ಹೊಸಕಿವಿ

ನನ್ನ ಸೆಟ್‌ನಲ್ಲಿ ಮೆನು ನಂಬರ್ ಬೇರೆ, ಹೆಸರು ನೀವು ಹೇಳಿದ್ದೇ. ಪಟ್ಟಿಯಲ್ಲೂ ಮೈನಸ್ 600 ಅಂತಲೇ ಇದೆ. ಹಾಕಿದೆ. ಡ್ಯುಯಲ್ ವಾಚ್ ಕೂಡ ಆಫ್. ಈಗ ಒತ್ತಿದರೆ 145.100 ತೋರಿಸುತ್ತದೆ! ಆದರೆ ಬಿಟ್ಟ ಮೇಲೆ ಈಗಲೂ ಏನೂ ಕೇಳಿಸುತ್ತಿಲ್ಲ.

ಟೋನ್ 88.5 ಅಂತ ಪಟ್ಟಿಯಲ್ಲಿ ಇತ್ತು, ಅದನ್ನು ಮೊನ್ನೆಯೇ ಹಾಕಿದ್ದೆ. ಮೊನ್ನೆಯಿಂದ ರಿಪೀಟರ್ ಕೂಡ ತಣ್ಣಗಿದೆ, ಯಾರೂ ಬಂದಿಲ್ಲ ಅಂತ ಕಾಣುತ್ತದೆ.

ರಾತ್ರಿಪಾಳಿ

"ಮೊನ್ನೆಯಿಂದ ತಣ್ಣಗಿದೆ" ಅಂದಿರಲ್ಲ, ನನಗೆ ಅಲ್ಲಿ ಅನುಮಾನ. ಹಸಿರು ದೀಪ ಆಗಾಗ ಹೊತ್ತುತ್ತಾ ಇದೆಯಾ, ದನಿ ಮಾತ್ರ ಇಲ್ಲವಾ?

ಹೊಸಕಿವಿ

ಹೌದು!! ಹೇಗೆ ಗೊತ್ತಾಯಿತು? ಹಸಿರು ದೀಪ ಹೊತ್ತಿ ಆರುತ್ತದೆ. ಅಡಚಣೆಯ ಸಿಗ್ನಲ್ ಇರಬೇಕು ಅಂದುಕೊಂಡಿದ್ದೆ.

ರಾತ್ರಿಪಾಳಿ

ಅಡಚಣೆ ಅಲ್ಲ, ಜನ ಮಾತಾಡುತ್ತಿದ್ದಾರೆ. ನಿಮ್ಮ ಸೆಟ್ ಅವರನ್ನು ಒಳಗೆ ಬಿಡುತ್ತಿಲ್ಲ. ನೀವು ಟೋನನ್ನು ರಿಸೀವ್ ಕಡೆ ಹಾಕಿದ್ದೀರಿ.

ಸಿಟಿಸಿಎಸ್‌ಎಸ್ ಟೋನ್ ಅಂದರೆ ಮಾತಿನ ಅಡಿಯಲ್ಲಿ ಹರಿಯುವ ಒಂದು ಸಣ್ಣ ಗುಂಯ್. 67ರಿಂದ 254.1 ಹರ್ಟ್ಸ್ ನಡುವೆ ಇರುತ್ತದೆ. ಸ್ಪೀಕರ್‌ಗೆ ಹೋಗುವ ಮೊದಲೇ ಸೋಸಿಬಿಡುವುದರಿಂದ ನಮಗೆ ಕೇಳಿಸುವುದಿಲ್ಲ. ರಿಪೀಟರ್ ಆ ಗುಂಯ್ ಇದ್ದರೆ ಮಾತ್ರ ಬಾಗಿಲು ತೆಗೆಯುತ್ತದೆ. ಆದ್ದರಿಂದ ನೀವು ಅದನ್ನು ಕಳಿಸಬೇಕು. ಟಿ-ಸಿಟಿಸಿಎಸ್ ಅಂತ ಇರುವ ಕಡೆ 88.5 ಹಾಕಬೇಕು. ಆರ್-ಸಿಟಿಸಿಎಸ್‌ನಲ್ಲಿ ಹಾಕಿದರೆ ನಿಮ್ಮ ಸೆಟ್ಟೇ "ಟೋನ್ ಇದ್ದರೆ ಮಾತ್ರ ಕೇಳುತ್ತೇನೆ" ಅಂತ ಕಿವಿ ಮುಚ್ಚಿಕೊಳ್ಳುತ್ತದೆ. ಎಷ್ಟೋ ರಿಪೀಟರ್‌ಗಳು ಟೋನನ್ನು ವಾಪಸ್ ಕಳಿಸುವುದೇ ಇಲ್ಲ. ಹಾಗಾಗಿ ದೀಪ ಹೊತ್ತುತ್ತದೆ, ದನಿ ಬರುವುದಿಲ್ಲ.

ಆರ್ ಕಡೆ ಆಫ್ ಮಾಡಿ. ಟಿ ಕಡೆ 88.5. ಪಕ್ಕದಲ್ಲೇ ಡಿಸಿಎಸ್ ಅಂತ ಎರಡು ಮೆನು ಇರುತ್ತವೆ, ಅವೂ ಆಫ್ ಇರಲಿ.

ಇನ್ನೊಂದು. ಪಿಟಿಟಿ ಒತ್ತಿ ಒಂದು ಸೆಕೆಂಡ್ ಸುಮ್ಮನಿರಿ, ಆಮೇಲೆ ಮಾತು. ರಿಪೀಟರ್ ಟೋನ್ ಗುರುತಿಸಿ ಬಾಗಿಲು ತೆಗೆಯಲು ಅಷ್ಟು ಹೊತ್ತು ಬೇಕು. ಇಲ್ಲದಿದ್ದರೆ ಕಾಲ್‌ಸೈನಿನ ಮೊದಲ ಅಕ್ಷರಗಳು ಕತ್ತರಿಸಿಹೋಗುತ್ತವೆ. ಸುಮ್ನೆ ಒತ್ತಿ ಬಿಟ್ಟು ರಿಪೀಟರ್ ಎಬ್ಬಿಸಿ ನೋಡಬೇಡಿ. ಪ್ರತಿ ಸಲ ಕಾಲ್‌ಸೈನ್ ಹೇಳಿ, "ಪರೀಕ್ಷೆ" ಅನ್ನಿ, ಬಿಡಿ. ಕೇಳುತ್ತಾ ಕೂತವರಿಗೆ ಯಾರು, ಏನು ಅಂತ ಗೊತ್ತಾಗುತ್ತದೆ.

ಹೊಸಕಿವಿ

ಬಂತು!

ಒತ್ತಿದೆ, ಒಂದು ಎಣಿಸಿದೆ, ಕಾಲ್‌ಸೈನ್ ಹೇಳಿದೆ, ಬಿಟ್ಟೆ. ಒಂದು ಕ್ಷಣ ಗಾಳಿಯಂಥ ಸದ್ದು, ಒಂದು ಬೀಪ್, ಆಮೇಲೆ "ಕ್ಷ್" ಅಂತ ಮುಚ್ಚಿಕೊಂಡಿತು. ಕೈ ನಡುಗುತ್ತಿತ್ತು. ಇನ್ನೊಂದು ಸಲ ಮಾಡಿದೆ, ಮತ್ತೆ ಅದೇ.

ಆಮೇಲೆ ಒಬ್ಬರು ಉತ್ತರ ಕೊಟ್ಟರು. "ಕ್ಯಾರಿಯರ್ (ಮಾತನ್ನು ಹೊರುವ ಅಲೆ) ಬರುತ್ತಿದೆ, ರಿಪೀಟರ್ ತೆರೆಯುತ್ತಿದೆ, ಮಾತು ಮಾತ್ರ ತೀರಾ ಕ್ಷೀಣ, ಒಂದಕ್ಷರ ಅರ್ಥವಾಗುತ್ತಿಲ್ಲ" ಅಂದರು. ಗಂಟಲು ಹರಿಯುವಷ್ಟು ಕೂಗಿದೆ. ಆಗ "ಈಗ ಗೊಗ್ಗರು, ಇನ್ನೂ ಅರ್ಥವಾಗುತ್ತಿಲ್ಲ" ಅಂದರು.

ದೂರದಾರಿ

ಮಧ್ಯೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನನ್ನದು ಬೇರೆ ತೊಂದರೆ. ಹಳೇ ಸೆಟ್. ಕೇಳುವುದೆಲ್ಲ ಚೆನ್ನಾಗಿದೆ, ಬ್ಯಾಟರಿ ಗುರುತೂ ಅರ್ಧಕ್ಕಿಂತ ಮೇಲಿದೆ. ಪಿಟಿಟಿ ಒತ್ತಿದರೆ ಪರದೆ ಮಂಕಾಗಿ ಸೆಟ್ ಆಫ್ ಆಗಿ ಮತ್ತೆ ಆನ್ ಆಗುತ್ತದೆ. ಇದೂ ಸೆಟ್ಟಿಂಗಾ?

ಬೆಸುಗೆಕಡ್ಡಿ

ದೂರದಾರಿ ಅವರೇ, ಅದು ಬ್ಯಾಟರಿ. ಕೇಳುವಾಗ ಸೆಟ್ ಎಳೆಯುವ ಕರೆಂಟ್ ಸ್ವಲ್ಪ. 5 ವ್ಯಾಟ್‌ನಲ್ಲಿ ಮಾತಾಡುವಾಗ ಒಂದೂವರೆ ಆಂಪಿಯರ್ ಹತ್ತಿರ ಬೇಕು. ನಿಮ್ಮ 7.4 ವೋಲ್ಟ್ ಪ್ಯಾಕ್ ತುಂಬಿದಾಗ 8.4 ತೋರಿಸಬೇಕು. ಹಳತಾದ ಪ್ಯಾಕ್ ಸುಮ್ಮನಿದ್ದಾಗ ಒಳ್ಳೆ ವೋಲ್ಟೇಜನ್ನೇ ತೋರಿಸುತ್ತದೆ, ಹೊರೆ ಬಿದ್ದ ಕ್ಷಣ ಕುಸಿಯುತ್ತದೆ. ಅದಕ್ಕೇ ಗುರುತು ನೋಡಿ ಮೋಸ ಹೋಗುತ್ತೇವೆ.

ಲೋ ಪವರ್‌ಗೆ ಇಳಿಸಿ ಒತ್ತಿ ನೋಡಿ. ಆಗ ಆಫ್ ಆಗದಿದ್ದರೆ ಅನುಮಾನವೇ ಇಲ್ಲ. ಹೊಸ ಪ್ಯಾಕ್ ತರುವ ಮುಂಚೆ ಸೆಟ್ಟಿನ ಬೆನ್ನಿನ ಲೋಹದ ಚುಕ್ಕೆಗಳನ್ನೂ ಪ್ಯಾಕಿನ ಚುಕ್ಕೆಗಳನ್ನೂ ಪೆನ್ಸಿಲ್ ರಬ್ಬರಿನಿಂದ ಉಜ್ಜಿ, ಪುಡಿ ಒರೆಸಿ. ಎಷ್ಟೋ ಸಲ ಅಲ್ಲಿ ಕೂತ ಕಿಲುಬೇ ಕಾರಣ.

ರಾತ್ರಿಪಾಳಿ

ಹೊಸಕಿವಿ ಅವರೇ, ಎಲ್ಲಿಗೆ ಮಾತಾಡುತ್ತಿದ್ದೀರಿ? ಅಂದರೆ ಸೆಟ್ಟಿನ ಯಾವ ಭಾಗಕ್ಕೆ?

ಹೊಸಕಿವಿ

ಸ್ಪೀಕರ್ ಜಾಲರಿಗೆ. ಅಲ್ವಾ?

ರಾತ್ರಿಪಾಳಿ

ಅಲ್ಲ. ಜಾಲರಿಯ ಹಿಂದೆ ಸ್ಪೀಕರ್ ಮಾತ್ರ ಇರುತ್ತದೆ. ಮೈಕ್ ಇರುವುದು ಒಂದು ಸೂಜಿಮೊನೆಯಷ್ಟು ತೂತಿನ ಹಿಂದೆ. ಕೈಪಿಡಿಯ ಚಿತ್ರದಲ್ಲಿ ಬಾಣ ಹಾಕಿ ತೋರಿಸಿರುತ್ತಾರೆ. ದೀಪದ ಕೆಳಗೆ ಸೆಟ್ ಓರೆ ಹಿಡಿದು ಹುಡುಕಿ. ನೀವು ಸೆಟ್ ಹಿಡಿಯುವಾಗ ನಿಮ್ಮ ಹೆಬ್ಬೆರಳು ಎಲ್ಲಿ ಕೂರುತ್ತದೆ ಅನ್ನುವುದನ್ನೂ ನೋಡಿ. ಸೂಜಿ, ಪಿನ್ ಏನನ್ನೂ ಆ ತೂತಿಗೆ ತೂರಿಸಬೇಡಿ. ಒಳಗಿನ ಮೈಕ್ ಹರಿದುಹೋಗುತ್ತದೆ.

ಎರಡನೆಯದು, ವೈಡ್‌ ಇದೆಯಾ ನ್ಯಾರೋ ಇದೆಯಾ ನೋಡಿ. ಮೆನುವಿನಲ್ಲಿ ಡಬ್ಲ್ಯುಎನ್ ಅಂತ ಇರುತ್ತದೆ. ನ್ಯಾರೋ ಇದ್ದರೆ ಡೀವಿಯೇಷನ್ (ಮಾತಿಗೆ ತಕ್ಕಂತೆ ಫ್ರೀಕ್ವೆನ್ಸಿ ಆಚೀಚೆ ಸರಿಯುವ ಅಳತೆ) ಗರಿಷ್ಠ 2.5 ಕಿಲೋಹರ್ಟ್ಸ್, ವೈಡ್ ಇದ್ದರೆ 5. ರಿಪೀಟರ್ ವೈಡ್ ಆಗಿದ್ದು ನೀವು ನ್ಯಾರೋದಲ್ಲಿ ಮಾತಾಡಿದರೆ ನಿಮ್ಮ ದನಿ ಆ ಕಡೆ ಅರ್ಧಕ್ಕೆ ಇಳಿದು ಕೇಳಿಸುತ್ತದೆ. ಯಾವುದು ಬೇಕು ಅನ್ನುವುದು ಆ ರಿಪೀಟರ್ ಮೇಲೆ ಹೋಗುತ್ತದೆ.

ಕೂಗಬೇಡಿ. ಎಫ್‌ಎಂನಲ್ಲಿ ಕೂಗಿದರೆ ದೂರ ಹೋಗುವುದಿಲ್ಲ, ಒಡೆಯುತ್ತದೆ. ನಾಲ್ಕೈದು ಸೆಂಟಿಮೀಟರ್ ದೂರ ಹಿಡಿದು, ನೇರ ಊದದೆ ಸ್ವಲ್ಪ ಪಕ್ಕದಿಂದ, ಎದುರು ಕೂತವರ ಜೊತೆ ಮಾತಾಡುವ ದನಿಯಲ್ಲಿ ಮಾತಾಡಿ.

ಮೂರನೇಮಹಡಿ

ನನ್ನ ಕಿವಿಯಿಂದಲೇ ಕೇಳಿದರೆ ನಂಬಿಕೆ ಬರುತ್ತದೆ ಅಂತ ನನ್ನ ಅನುಭವ. ಇನ್ನೊಂದು ಹ್ಯಾಂಡಿ ಸಿಕ್ಕರೆ ಎರಡನ್ನೂ ಯಾರೂ ಬಳಸದ ಒಂದು ಸಿಂಪ್ಲೆಕ್ಸ್ (ರಿಪೀಟರ್ ಇಲ್ಲದೆ ನೇರ ಮಾತಾಡುವ) ಫ್ರೀಕ್ವೆನ್ಸಿಗೆ ಹಾಕಿ. ನಿಮ್ಮದು ಲೋ ಪವರ್. ಎರಡನೆಯದು ಇನ್ನೊಂದು ಕೋಣೆಯಲ್ಲಿ, ಪಕ್ಕದಲ್ಲಿ ಫೋನಿನ ರೆಕಾರ್ಡರ್. ಕಾಲ್‌ಸೈನ್ ಹೇಳಿ ಹತ್ತು ಸೆಕೆಂಡ್ ಮಾತಾಡಿ, ಹೋಗಿ ಕೇಳಿ. ಎರಡನ್ನೂ ಒಂದೇ ಮೇಜಿನ ಮೇಲೆ ಇಡಬೇಡಿ. ಅಷ್ಟು ಹತ್ತಿರದಲ್ಲಿ ರಿಸೀವರ್ ತುಂಬಿಹೋಗುತ್ತದೆ. ಕೆಟ್ಟ ಆಂಟೆನಾ ಇದ್ದರೂ "ಆಹಾ ಸರಿಯಿದೆ" ಅನಿಸುತ್ತದೆ.

ಟೋನ್ ಹೋಗುತ್ತಿದೆಯಾ ಅಂತಲೂ ಹೀಗೇ ನೋಡಬಹುದು. ಎರಡನೇ ಸೆಟ್ಟಿನ ಆರ್ ಕಡೆ 88.5 ಹಾಕಿ. ಅದು ಬಾಯಿ ಬಿಟ್ಟರೆ ನಿಮ್ಮ ಟೋನ್ ಸರಿ. ರಿಪೀಟರನ್ನು ಎಬ್ಬಿಸದೆ ಅರ್ಧ ಕೆಲಸ ಮನೆಯಲ್ಲೇ ಮುಗಿಯುತ್ತದೆ.

ಲ್ಯಾಪ್‌ಟಾಪ್‌ಗೆ ಚುಚ್ಚುವ ಎಸ್‌ಡಿಆರ್ ಡಾಂಗಲ್ (ರೇಡಿಯೊ ಸಿಗ್ನಲ್ಲನ್ನು ಪರದೆಯ ಮೇಲೆ ತೋರಿಸುವ ಚಿಕ್ಕ ರಿಸೀವರ್) ಇದ್ದರಂತೂ ನಿಮ್ಮ ಸಿಗ್ನಲ್ ಎಲ್ಲಿ ಬೀಳುತ್ತಿದೆ, ಎಷ್ಟು ಅಗಲ ಇದೆ ಅನ್ನುವುದು ಕಣ್ಣಿಗೇ ಕಾಣುತ್ತದೆ. ಡಾಂಗಲ್‌ನ ಆಂಟೆನಾ ಕಳಚಿಟ್ಟು ಮಾಡಿ.

ಹೊಸಕಿವಿ

ಗೆಳೆಯರೊಬ್ಬರ ಸೆಟ್ ತಂದು ಮೂರನೇಮಹಡಿ ಅವರು ಹೇಳಿದ ಹಾಗೆ ಮಾಡಿದೆ. ಜಾಲರಿಗೆ ಮಾತಾಡಿದ್ದು ಕಂಬಳಿ ಹೊದ್ದು ಮಾತಾಡಿದ ಹಾಗಿದೆ. ನನ್ನ ಹೆಬ್ಬೆರಳು ಸರಿಯಾಗಿ ಆ ತೂತಿನ ಮೇಲೆಯೇ ಕೂತಿತ್ತು! ಅದು ಸಾಲದು ಅಂತ ಹೊಸ ಸೆಟ್ಟಿನ ಮೇಲಿನ ತೆಳು ಪ್ಲಾಸ್ಟಿಕ್ ಹಾಳೆಯನ್ನೂ ನಾನು ತೆಗೆದಿರಲಿಲ್ಲ, ಗೀರು ಬೀಳಬಾರದು ಅಂತ. ಅದು ತೂತನ್ನೂ ಮುಚ್ಚಿತ್ತು. ಸುಲಿದು ತೆಗೆದೆ. ನ್ಯಾರೋ ಇದ್ದದ್ದನ್ನು ವೈಡ್ ಮಾಡಿದೆ. ಎರಡನೇ ರೆಕಾರ್ಡಿಂಗ್ ಕೇಳಿದರೆ ನನ್ನದೇ ದನಿ, ಸ್ಪಷ್ಟವಾಗಿ.

ಆದರೆ ಇನ್ನೊಂದು ಸಮಸ್ಯೆ. ಎಲ್ಲ ಸರಿಯಾದ ಸೆಟ್ಟಿಂಗನ್ನು ಚಾನೆಲ್ 1ಕ್ಕೆ ಉಳಿಸಿದೆ. ಚಾನೆಲ್‌ಗೆ ಹೋಗಿ ಒತ್ತಿದರೆ ಮತ್ತೆ 145.700 ಅಂತಲೇ ಇರುತ್ತದೆ. ಆಫ್‌ಸೆಟ್ ಮಾಯ.

ಬೆಸುಗೆಕಡ್ಡಿ

ಕೆಲವು ಸೆಟ್‌ಗಳಲ್ಲಿ ಒಂದು ಚಾನೆಲ್‌ಗೆ ಎರಡು ಸಲ ಉಳಿಸಬೇಕು. ಮೊದಲು ಆ ಚಾನೆಲ್ ಅಳಿಸಿ. ಟಿ ಕಡೆಯ ಟೋನ್, ವೈಡ್ ಎಲ್ಲ ಹಾಕಿಕೊಂಡು 145.700 ಒತ್ತಿ ಉಳಿಸಿ. ಇದು ಕೇಳುವ ಫ್ರೀಕ್ವೆನ್ಸಿ. ಆಮೇಲೆ 145.100 ಒತ್ತಿ ಅದೇ ಚಾನೆಲ್ ನಂಬರಿಗೆ ಮತ್ತೆ ಉಳಿಸಿ. ಇದು ಮಾತಾಡುವ ಫ್ರೀಕ್ವೆನ್ಸಿ. ಸೆಟ್ಟಿನ ದನಿ ಸೂಚನೆ ಆನ್ ಇದ್ದರೆ ಮೊದಲ ಸಲ "ರಿಸೀವಿಂಗ್ ಮೆಮೊರಿ" ಅಂತಲೂ ಎರಡನೇ ಸಲ "ಟ್ರಾನ್ಸ್‌ಮಿಟಿಂಗ್ ಮೆಮೊರಿ" ಅಂತಲೂ ಹೇಳುತ್ತದೆ. ಟೋನ್ ಮರೆತು ಉಳಿಸಿದರೆ ಮೊದಲಿಂದ ಮಾಡಬೇಕಾಗುತ್ತದೆ, ಹಾಗಾಗಿ ಟೋನ್ ಮೊದಲು.

ಗಟ್ಟಿದನಿ

ಇಷ್ಟೆಲ್ಲ ಒದ್ದಾಟ ಯಾಕೆ? 10 ವ್ಯಾಟ್ ಸೆಟ್ ತೆಗೆದುಕೊಳ್ಳಲಿ, ಉದ್ದ ಆಂಟೆನಾ ಹಾಕಲಿ.

ಮೂರನೇಮಹಡಿ

ಗಟ್ಟಿದನಿ ಅವರೇ, ಅರ್ಧ ಒಪ್ಪುತ್ತೇನೆ, ಅರ್ಧ ಇಲ್ಲ. 5ರಿಂದ 10 ವ್ಯಾಟ್‌ಗೆ ಹೋದರೆ ಸಿಗುವುದು 3 ಡೆಸಿಬೆಲ್. ಸಿಗ್ನಲ್ ಮೀಟರಿನ ಒಂದು ಗೆರೆ, ಅಂದರೆ ಒಂದು ಎಸ್ ಯೂನಿಟ್, 6 ಡೆಸಿಬೆಲ್. ಅಂದರೆ ಆ ಕಡೆಯ ಮೀಟರಿನಲ್ಲಿ ಅರ್ಧ ಗೆರೆ. ಅಷ್ಟಕ್ಕೆ ಬ್ಯಾಟರಿ ಬೇಗ ಖಾಲಿ. ಟೋನ್ ತಪ್ಪಿದ್ದರೆ 50 ವ್ಯಾಟ್ ಇದ್ದರೂ ಬಾಗಿಲು ತೆರೆಯುವುದಿಲ್ಲ.

ಆಂಟೆನಾ ಮಾತು ಒಪ್ಪುತ್ತೇನೆ. ಸೆಟ್ಟಿನ ಜೊತೆ ಬರುವ ಗಿಡ್ಡ ರಬ್ಬರ್ ಆಂಟೆನಾ ಒಂದು ರಾಜಿ. ಆದರೆ ಬೇರೆ ಆಂಟೆನಾ ಕೊಳ್ಳುವಾಗ ತಿರುಪಿನ ಒಳಗೆ ನೋಡಿ. ವೈಫೈ ರೂಟರ್‌ಗಳಲ್ಲಿ ಬರುವ ಆರ್‌ಪಿ-ಎಸ್‌ಎಂಎ ಜೋಡಣೆ ನಮ್ಮ ಎಸ್‌ಎಂಎಗೆ ಚೆನ್ನಾಗಿಯೇ ತಿರುಗಿ ಕೂರುತ್ತದೆ. ಒಳಗೆ ನಡುವಿನ ಸೂಜಿ ಎರಡೂ ಕಡೆ ಇರುವುದಿಲ್ಲ, ಇಲ್ಲವೇ ಎರಡೂ ಕಡೆ ಇದ್ದು ಒಂದಕ್ಕೊಂದು ಗುದ್ದುತ್ತವೆ. ಸೂಜಿಯೇ ಇಲ್ಲದಿದ್ದರೆ ಆಂಟೆನಾ ಹಾಕಿದ್ದರೂ ಹಾಕದಂತೆ. ಒಂದು ಕಡೆ ಸೂಜಿ, ಇನ್ನೊಂದು ಕಡೆ ಅದು ಕೂರುವ ತೂತು ಇದ್ದರೆ ಮಾತ್ರ ಸರಿ.

ಖರ್ಚಿಲ್ಲದ ದಾರಿ ಒಂದಿದೆ. ಹ್ಯಾಂಡಿಗೆ ನೆಲ (ಗ್ರೌಂಡ್, ಆಂಟೆನಾದ ಇನ್ನೊಂದು ಅರ್ಧ) ಅಂದರೆ ಅದರ ಮೈ ಮತ್ತು ನಿಮ್ಮ ಕೈ. 2 ಮೀಟರ್‌ಗೆ ಅದು ಸಾಲದು. 49 ಸೆಂಟಿಮೀಟರ್ ತಂತಿ ತೆಗೆದುಕೊಂಡು, ಒಂದು ತುದಿಯ ಸಿಪ್ಪೆ ಸುಲಿದು, ಆಂಟೆನಾದ ಬುಡದ ಲೋಹದ ಹೊರ ಉಂಗುರಕ್ಕೆ ಸುತ್ತಿ ಬಿಗಿ ಮಾಡಿ. ಉಳಿದದ್ದು ಕೆಳಗೆ ತೂಗಾಡಲಿ. ನಡುವಿನ ಸೂಜಿಗೆ ತಾಗಬಾರದು. ಇದನ್ನು ಟೈಗರ್ ಟೇಲ್ ಅಂತಾರೆ. ಅಂಚಿನಲ್ಲಿ ಒದ್ದಾಡುವ ಸಿಗ್ನಲ್ ಇದರಿಂದ ಮೇಲೆ ಬಂದದ್ದನ್ನು ನಾನು ಎಷ್ಟೋ ಸಲ ಕೇಳಿದ್ದೇನೆ.

ಇಳಿಸಂಜೆ

ಎಲ್ಲಕ್ಕಿಂತ ಮೊದಲು ಜಾಗ. ರಿಪೀಟರ್ ಎತ್ತರದಲ್ಲಿ ಜಾಸ್ತಿ ಪವರ್‌ನಲ್ಲಿ ಕೂತಿರುತ್ತದೆ, ಅದಕ್ಕೇ ಮನೆಯ ಒಳಗೂ ನಿಮಗೆ ಕೇಳಿಸುತ್ತದೆ. ವಾಪಸ್ ಹೋಗಬೇಕಾದದ್ದು ನಿಮ್ಮ 5 ವ್ಯಾಟ್, ಕಾಂಕ್ರೀಟ್ ಗೋಡೆ ದಾಟಿ. ಕಿಟಕಿಗೆ ಬನ್ನಿ, ಆಗುವುದಾದರೆ ಮಹಡಿಗೆ ಹೋಗಿ. ಆಂಟೆನಾ ನೇರ ನಿಲ್ಲಲಿ. ಮಾತಾಡುವಾಗ ಎಷ್ಟೋ ಜನ ಸೆಟ್ ಮಲಗಿಸಿ ಹಿಡಿಯುತ್ತಾರೆ, ಅಲ್ಲೇ ಅರ್ಧ ಸಿಗ್ನಲ್ ಹೋಗುತ್ತದೆ. ಕೇಳಿಸುತ್ತಾ ಕೇಳಿಸುತ್ತಾ ಕಡಿಯುವ ಜಾಗದಲ್ಲಿ ಅರ್ಧ ಮೀಟರ್ ಪಕ್ಕಕ್ಕೆ ಸರಿದು ನೋಡಿ, ಅಷ್ಟರಲ್ಲೇ ಸರಿಹೋಗುವುದುಂಟು.

ದೂರದಾರಿ

ರಬ್ಬರಿನಿಂದ ಉಜ್ಜಿದೆ, ಸ್ವಲ್ಪ ಪರವಾಗಿಲ್ಲ ಅನಿಸಿತು, ಆದರೆ ಹೈ ಪವರ್‌ನಲ್ಲಿ ಇನ್ನೂ ಆಫ್ ಆಗುತ್ತಿತ್ತು. ಲೋ ಪವರ್‌ನಲ್ಲಿ ನಿಲ್ಲುತ್ತದೆ. ಬೇರೆ ಪ್ಯಾಕ್ ಹಾಕಿದೆ, ಈಗ ಐದು ನಿಮಿಷದಿಂದ ಗಟ್ಟಿಯಾಗಿದೆ. ಬೆಸುಗೆಕಡ್ಡಿ ಅವರಿಗೆ ತುಂಬಾ ಥ್ಯಾಂಕ್ಸ್.

ರಾತ್ರಿಪಾಳಿ

ಇದನ್ನು ಓದುವ ಬೇರೆ ಹೊಸಬರಿಗೆ: ಪಿಟಿಟಿ ಒತ್ತಿದರೆ ಕೆಂಪು ದೀಪವೇ ಹೊತ್ತದೆ ಬರೀ ಬೀಪ್ ಬಂದರೆ ಬಿಸಿಎಲ್ ಆನ್ ಇದೆಯಾ ನೋಡಿ. ಚಾನೆಲ್ ಖಾಲಿ ಇಲ್ಲದಾಗ ಅದು ಮಾತಾಡಲು ಬಿಡುವುದಿಲ್ಲ. ಸ್ಕ್ವೆಲ್ಚ್ (ಖಾಲಿ ಸದ್ದನ್ನು ತಡೆಯುವ ಮಟ್ಟ) ಸೊನ್ನೆಗೆ ಇಳಿಸಿದ್ದರೆ ಬರೀ ಗೊರಗೊರ ಸದ್ದನ್ನೇ ಯಾರೋ ಮಾತಾಡುತ್ತಿದ್ದಾರೆ ಅಂದುಕೊಳ್ಳುತ್ತದೆ. ಹೊರಗಿನ ಮೈಕ್ ಹಾಕಿದ್ದರೆ ಪ್ಲಗ್ ಪೂರ್ತಿ ಒಳಗೆ ಹೋಗಿದೆಯಾ ಅಂತಲೂ ನೋಡಿ, ಗಟ್ಟಿ ಒತ್ತಬೇಕಾಗುತ್ತದೆ.

ಹೊಸಕಿವಿ

ಇವತ್ತು ರಾತ್ರಿಯ ನೆಟ್.

ಮಹಡಿಗೆ ಹೋದೆ. ಚಾನೆಲ್ 1 ಎರಡು ಸಲ ಉಳಿಸಿದ್ದೆ. ಆಂಟೆನಾದ ಬುಡದಲ್ಲಿ 49 ಸೆಂಟಿಮೀಟರ್ ತಂತಿ. ಹೆಬ್ಬೆರಳು ಎಲ್ಲಿರಬೇಕು ಅಂತ ಮೊದಲೇ ಹತ್ತು ಸಲ ಹಿಡಿದು ಅಭ್ಯಾಸ ಮಾಡಿದ್ದೆ. "ಹೊಸಬರು ಯಾರಾದರೂ ಇದ್ದೀರಾ" ಅಂದರು. ಒತ್ತಿದೆ, ಒಂದು ಎಣಿಸಿದೆ, ಮೆಲ್ಲಗೆ ಕಾಲ್‌ಸೈನ್ ಹೇಳಿದೆ.

ಅವರು ನನ್ನ ಕಾಲ್‌ಸೈನನ್ನು ಅಕ್ಷರ ಅಕ್ಷರವಾಗಿ ತಿರುಗಿ ಹೇಳಿದರು. ಒಂದೂ ತಪ್ಪಿಲ್ಲ. "ನಿಮ್ಮ ಮೊದಲ ನೆಟ್ಟಾ? ಸ್ವಾಗತ, ಮಾತು ಪೂರ್ತಿ ಸ್ಪಷ್ಟ, ಹಿಂದೆ ಸ್ವಲ್ಪ ಸುಯ್ ಇದೆ" ಅಂದರು. ಆಮೇಲೆ ನಾಲ್ಕು ಜನ ಒಬ್ಬರ ಹಿಂದೆ ಒಬ್ಬರು ಬಂದು ಮಾತಾಡಿಸಿದರು. ಏನು ಹೇಳಬೇಕು ಅಂತ ಕಾಗದದಲ್ಲಿ ಬರೆದುಕೊಂಡಿದ್ದೆ, ಕತ್ತಲಲ್ಲಿ ಅದು ಓದಲು ಆಗಲಿಲ್ಲ. ಹೆಸರು ಹೇಳಿದೆ, ಸೆಟ್ ಬಗ್ಗೆ ಹೇಳಿದೆ, ನಿಮ್ಮೆಲ್ಲರ ಬಗ್ಗೆಯೂ ಹೇಳಿದೆ.

ಬೆಸುಗೆಕಡ್ಡಿ

ಓದಿ ಬಹಳ ಸಂತೋಷವಾಯಿತು. ಲಾಗ್‌ನಲ್ಲಿ ಬರೆದಿರಾ?

ಹೊಸಕಿವಿ

ಬರೆದೆ, ಮೊದಲ ಪುಟದ ಮೊದಲ ಸಾಲು. ಯುಟಿಸಿ (ಅಂತರರಾಷ್ಟ್ರೀಯ ಸಮಯ) 15:42, 145.700, ಎಫ್‌ಎಂ, 5 ವ್ಯಾಟ್. ಷರಾ ಕಾಲಂನಲ್ಲಿ "ತಂತಿ ಕಟ್ಟಿದ್ದು" ಅಂತ ಬರೆದಿದ್ದೇನೆ. ನಾಳೆ ತಂತಿ ಬಿಚ್ಚಿ ಅದೇ ಜಾಗದಿಂದ ಕರೆದು ನೋಡುತ್ತೇನೆ, ಆ ಸುಯ್ ಎಷ್ಟು ಏರುತ್ತದೆ ಅಂತ. 73 (ಶುಭಾಶಯ).